ಬಸಿದ ಕಟ್ಟಿನ ಲೆಕ್ಕ

ಸಂಸಾರದ ಖರ್ಚು ಕೈಮೀರಿದಾಗ ಯಾವ ಅಂಗಡಿಯಲ್ಲಿ ಬೇಳೆ ಅಗ್ಗ, ಯಾವ ಸಂತೆಯಲ್ಲಿ ಸೊಪ್ಪು ಸಸ್ತಾ ಎಂದು ವಿಚಾರಿಸುತ್ತೇವೆ. ತಂದದ್ದರಲ್ಲಿ ಎಷ್ಟು ಹೊಟ್ಟೆಗೆ ಹೋಯಿತು, ಎಷ್ಟು ಮೋರಿಗೆ ಹೋಯಿತು ಎಂದು ಲೆಕ್ಕ ಹಾಕುವವರು ಕಡಿಮೆ. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಮನೆಗಳಲ್ಲಿ ಆ ಲೆಕ್ಕವನ್ನು ತಲೆತಲಾಂತರದಿಂದ ಹಾಕಿಕೊಂಡು ಬಂದ ಅಡುಗೆ ಬಸ್ಸಾರು. ರುಚಿಗೆ ಅದಕ್ಕೆ ಯಾರ ಶಿಫಾರಸೂ ಬೇಡ. ಉಳಿತಾಯದ ಪದ್ಧತಿಯಾಗಿ ಅದು ಎಷ್ಟು ಗಟ್ಟಿ, ಎಲ್ಲಿ ಸೋಲುತ್ತದೆ ಎಂಬುದನ್ನು ತೂಗಿ ನೋಡಬೇಕು.

ಮಾಡುವ ಕ್ರಮದಲ್ಲೇ ಉಳಿತಾಯವಿದೆ. ರಾತ್ರಿ ನೆನೆಹಾಕಿದ ಹುರುಳಿಕಾಳನ್ನು ಬೆಳಗ್ಗೆ ಬೇಯಲಿಟ್ಟು, ಮುಕ್ಕಾಲು ಬೆಂದಾಗ ಹೆಚ್ಚಿದ ದಂಟಿನ ಸೊಪ್ಪು ಹಾಕಬೇಕು. ಎರಡೂ ಬೆಂದ ಮೇಲೆ ಪಾತ್ರೆಯ ಬಾಯಿಗೆ ತಟ್ಟೆ ಒತ್ತಿ ಹಿಡಿದು ಓರೆ ಮಾಡಿದರೆ ಕಂದುಬಣ್ಣದ ಕಟ್ಟು ಬಸಿದು ಬರುತ್ತದೆ. ಒಂದು ಹಿಡಿ ಬೆಂದ ಕಾಳು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಸಾರಿನ ಪುಡಿ, ಒಂದಿಷ್ಟು ಕಾಯಿತುರಿ ಸೇರಿಸಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಮುದ್ದೆಗೆ ಸಾರಾಯಿತು. ಮಿಕ್ಕ ಕಾಳು-ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಪಲ್ಯ. ಒಂದೇ ನೀರು, ಒಂದೇ ಕುದಿ, ಎರಡು ಅಡುಗೆ.

"ಕಟ್ಟು ಚೆಲ್ಬೇಡ ಕಣೇ, ಸಾರವೆಲ್ಲ ಅದ್ರಲ್ಲೇ ಇರೋದು" ಎಂದು ಅಮ್ಮ ಗದರುತ್ತಿದ್ದಳು. ಆ ಮಾತು ಸರಿ. ಬಿ ಗುಂಪಿನ ಜೀವಸತ್ವಗಳು, ಪೊಟ್ಯಾಷಿಯಂನಂಥ ಲವಣಗಳು ಬೇಯುವಾಗ ನೀರಿಗಿಳಿಯುತ್ತವೆ. ಸೊಪ್ಪು ಬೇಯಿಸಿ ನೀರು ಚೆಲ್ಲುವವರು ದುಡ್ಡು ಕೊಟ್ಟು ತಂದ ಸತ್ವವನ್ನೇ ಚೆಲ್ಲುತ್ತಾರೆ. ಉರಿಯಲ್ಲೂ ಇದೇ ವಿವೇಕ. ನೆನೆದ ಕಾಳು ಬೇಗ ಬೇಯುತ್ತದೆ. ಒಮ್ಮೆ ಕುದಿ ಬಂದ ಮೇಲೆ ಉರಿ ಜೋರು ಮಾಡಿದರೂ ಪಾತ್ರೆಯ ನೀರಿನ ಬಿಸಿ ಏರದು, ಆವಿ ಮಾತ್ರ ಹೆಚ್ಚುತ್ತದೆ. ಮುಚ್ಚಳ ಮುಚ್ಚಿ ಉರಿ ತಗ್ಗಿಸುವುದು ಸೌದೆ ಒಲೆಯ ಕಾಲದ ಅಭ್ಯಾಸ, 14.2 ಕೆಜಿ ಸಿಲಿಂಡರಿಗೂ ಅಷ್ಟೇ ಹೊಂದುತ್ತದೆ.

ಇದರ ಇನ್ನೊಂದು ಬಲ, ಇಂಥದ್ದೇ ಬೇಕೆಂಬ ಹಟವಿಲ್ಲದಿರುವುದು. ಅರಸೀಕೆರೆ ಬಯಲುಸೀಮೆ, ಅಲ್ಲಿ ಹುರುಳಿ, ಅಲಸಂದೆ, ಅವರೆಯದೇ ಕಾರುಬಾರು. ಬೇಲೂರಿನಿಂದ ಪಶ್ಚಿಮಕ್ಕೆ ಸರಿದಂತೆ ಮಳೆ ಹೆಚ್ಚಿ, ಕಾಫಿ ತೋಟಗಳು ಶುರುವಾಗಿ, ಸೊಪ್ಪಿನ ಬಗೆ ಬದಲಾಗುತ್ತದೆ. ನಡುವಿನ ಹಳೇಬೀಡಿನಲ್ಲಿ ಎರಡೂ ಬೆರೆಯುತ್ತವೆ. ಯಾವ ಕಾಲಕ್ಕೆ ಯಾವುದು ಸಲೀಸಾಗಿ ಸಿಗುತ್ತದೋ ಅದನ್ನೇ ಬಸಿಯಬಹುದು. ಹಿತ್ತಲ ನುಗ್ಗೆಸೊಪ್ಪಾದರೂ ನಡೆಯುತ್ತದೆ. ಪಟ್ಟಿ ಹಿಡಿದು ಅಂಗಡಿಗೆ ಹೋಗುವ ಅಡುಗೆಗೂ, ಸಿಕ್ಕಿದ್ದರಲ್ಲಿ ಹೊಂದಿಸುವ ಅಡುಗೆಗೂ ತಿಂಗಳ ಕೊನೆಯಲ್ಲಿ ಕಾಣುವ ಅಂತರ ದೊಡ್ಡದು.

ಆದರೆ "ಮನೆಯದ್ದೇ ತಾನೇ, ಖರ್ಚೇನು ಬಂತು" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2025-26ರಲ್ಲಿ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಬೆಳೆದವರು ಮನೆಗೆ ಇಟ್ಟುಕೊಂಡ ಒಂದೊಂದು ಕೆಜಿಯೂ ಹತ್ತಿರ ಹತ್ತಿರ 49 ರೂಪಾಯಿಯದು. ಉಂಡೆಕೊಬ್ಬರಿಯ 2025ರ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇದ್ದರೆ, ಆ ವರ್ಷ ಪಕ್ಕದ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 20,000 ದಾಟಿತು. ಅರಸೀಕೆರೆಯ ಅಟ್ಟದ ಮೇಲಿನ ಕಾಯಿ ಆಗ ಬ್ಯಾಂಕಿನಲ್ಲಿಟ್ಟ ಹಣದಷ್ಟೇ ಜೋಪಾನದ ವಸ್ತು. ಮರವಿಲ್ಲದ ಮನೆಗಂತೂ ಕಾಯಿ ತುರಿಯುವಾಗ ಎದೆ ಝಲ್ಲೆನ್ನುತ್ತದೆ. ಇಲ್ಲಿಯೂ ಬಸ್ಸಾರು ಕೈಬಿಡುವುದಿಲ್ಲ. ರುಬ್ಬಿದ ಕಾಳೇ ಸಾರನ್ನು ಮಂದವಾಗಿಸುವುದರಿಂದ ಕಾಯಿ ಅರ್ಧಕ್ಕಿಳಿಸಿದರೂ ರುಚಿ ಕೆಡದು. ಮಾರನೆಯ ದಿನ ಕಾಯಿಸಿದರೆ ಸಾರಿನ ರುಚಿ ಇನ್ನೂ ಏರುತ್ತದೆ, ಹಾಗಾಗಿ ಉಳಿದದ್ದು ಎಸೆಯುವ ಪ್ರಶ್ನೆಯೇ ಇಲ್ಲ.

ಇಷ್ಟು ಗುಣ ಹೇಳಿದ ಮೇಲೆ ಕೊರತೆಯನ್ನೂ ಹೇಳಲೇಬೇಕು. ಸೊಪ್ಪು ಸೋಸುವುದು, ಕಾಳು ಆರಿಸುವುದು, ರುಬ್ಬುವುದು ಎಲ್ಲವೂ ಸಮಯ ಬೇಡುತ್ತವೆ. ಆ ಸಮಯ ಬಹುಪಾಲು ಮನೆಗಳಲ್ಲಿ ಒಬ್ಬಳದೇ. ಹೊಲದ ಕೂಲಿಯಿಂದ ಬಂದು ಸಂಜೆ ಸೊಪ್ಪಿನ ಕಟ್ಟು ಬಿಚ್ಚುವವಳ ಆಯಾಸವನ್ನು ಯಾವ ಪುಸ್ತಕದಲ್ಲೂ ಯಾರೂ ಬರೆದಿಡುವುದಿಲ್ಲ. ಮನೆಮಂದಿಯೆಲ್ಲ ಕೂತು ಸೊಪ್ಪು ಸೋಸುವುದು ಇದಕ್ಕೆ ಸುಲಭದ ಪರಿಹಾರ.

ಅದಕ್ಕಿಂತ ಗಂಭೀರವಾದ ತಪ್ಪು ಬಡಿಸುವಲ್ಲಿದೆ. ಬಸ್ಸಾರಿನ ಊಟದಲ್ಲಿ ಕಾಳಿನ ಪ್ರೋಟೀನು, ಸೊಪ್ಪಿನ ನಾರು ಹೆಚ್ಚಾಗಿ ಇರುವುದು ಪಲ್ಯದಲ್ಲಿ. ಮೊದಲು ಖಾಲಿಯಾಗುವುದೂ ಅದೇ. ಗಂಡಸರು, ಮಕ್ಕಳು, ಬಂದ ನೆಂಟರು ಉಂಡೆದ್ದ ಮೇಲೆ ಕೂರುವವಳಿಗೆ ಮುದ್ದೆಯಿರುತ್ತದೆ, ಸಾರಿರುತ್ತದೆ. ಪಲ್ಯದ ಬಾಣಲೆಯಲ್ಲಿ ಒಗ್ಗರಣೆಯ ಸಾಸಿವೆ ಅಂಟಿಕೊಂಡಿರುತ್ತದೆ. ನಮ್ಮ ಮನೆಯಲ್ಲೂ ಹೀಗೇ ಇತ್ತು. ಕಟ್ಟು ಚೆಲ್ಲಬೇಡ ಎಂದವಳ ತಟ್ಟೆಗೆ ಕಾಳು ಬೀಳದೆ ಹೋದದ್ದನ್ನು ನಾನು ಎಷ್ಟೋ ದಿನ ಕಂಡೂ ಗಮನಿಸಲಿಲ್ಲ. ಒಬ್ಬರ ಹೊಟ್ಟೆ ಕಟ್ಟಿ ಉಳಿಸಿದ್ದನ್ನು ಉಳಿತಾಯ ಎನ್ನಲಾಗದು. ಅದು ಅವಳಿಂದ ತೆಗೆದ ಸಾಲ, ರಕ್ತಹೀನತೆಯಾಗಿ, ಸುಸ್ತಾಗಿ ಬಡ್ಡಿ ಸಮೇತ ಮನೆಗೇ ಮರಳುತ್ತದೆ.

ಬಸ್ಸಾರು ಇವತ್ತಿಗೂ ಒಪ್ಪುವ ಪದ್ಧತಿ ಎಂದೇ ನನ್ನ ತೀರ್ಮಾನ. ನೀರನ್ನೂ ಉರಿಯನ್ನೂ ಕಾಳನ್ನೂ ಇಷ್ಟು ಗೌರವದಿಂದ ಬಳಸುವ ಇನ್ನೊಂದು ಅಡುಗೆ ನಮ್ಮ ಸೀಮೆಯಲ್ಲಿ ನನಗೆ ಕಾಣದು. ಒಂದು ತಿದ್ದುಪಡಿ ಸಾಕು. ಈಗ ನಮ್ಮ ಮನೆಯಲ್ಲಿ ಪಲ್ಯ ಒಲೆಯಿಂದ ಇಳಿದ ಕೂಡಲೇ ಒಂದು ಬಟ್ಟಲು ತುಂಬಿ ಮುಚ್ಚಿಡುತ್ತೇವೆ. ಕೊನೆಗೆ ಉಣ್ಣುವವರ ಪಾಲು ಅದು.