ಎಮಿಲಿಯ ಏಕೆ ಸುಮ್ಮನಿದ್ದಳು?

ಬಿ.ಎ. ಓದುವಾಗ ಷೇಕ್ಸ್‌ಪಿಯರನ ‘ಒಥೆಲೊ’ ನಮಗೆ ಪಠ್ಯವಾಗಿತ್ತು. ಪರೀಕ್ಷೆಗೆ ಬರುವ ಪ್ರಶ್ನೆ ಒಂದೇ: ಒಥೆಲೊ ಕೆಟ್ಟದ್ದು ತನ್ನ ಮತ್ಸರದಿಂದಲೋ, ಇಯಾಗೊವಿನ ಕುತಂತ್ರದಿಂದಲೋ? ಎರಡೂ ಕಡೆಗೆ ನಾಲ್ಕು ನಾಲ್ಕು ಅಂಶ ಬರೆದು, ಕೊನೆಯಲ್ಲಿ ‘ಎರಡರಿಂದಲೂ’ ಎಂದು ಮುಗಿಸಿದರೆ ಒಳ್ಳೆಯ ಅಂಕ ಖಚಿತ. ನಾನೂ ಹಾಗೆಯೇ ಬರೆದು ಪಾಸಾದೆ. ಎಮಿಲಿಯಳ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಮೊನ್ನೆ ಬೇಸಿಗೆ ರಜೆಯಲ್ಲಿ ಹಳೆಯ ಟ್ರಂಕು ತೆಗೆದಾಗ ಆ ಪುಸ್ತಕ ಸಿಕ್ಕಿತು. ಮತ್ತೆ ಓದಿದೆ. ಓದಿ ಮುಗಿಸಿದ ರಾತ್ರಿ ನಿದ್ದೆ ಬರಲಿಲ್ಲ.

ಕಥೆ ಬಹಳ ಮಂದಿಗೆ ಗೊತ್ತಿರುತ್ತದೆ. ಒಥೆಲೊ ವೆನಿಸ್ ಗಣರಾಜ್ಯದ ಸೇನಾಪತಿ. ಕಪ್ಪು ಮೈಬಣ್ಣದ ಮೂರ್ ಜನಾಂಗದವನು. ಊರಿನ ದೊಡ್ಡ ಮನುಷ್ಯ ಬ್ರಬಾನ್ಶಿಯೊ ಅವನನ್ನು ಪದೇ ಪದೇ ಮನೆಗೆ ಕರೆದು, ಅವನ ಯುದ್ಧದ ಕಥೆಗಳನ್ನು ಹೇಳಿಸಿ ಕೇಳುತ್ತಿದ್ದ. ಮನೆಗೆಲಸದ ನಡುವೆ ಬಂದು ಬಂದು ಕಿವಿಗೊಡುತ್ತಿದ್ದ ಮಗಳು ಡೆಸ್ಡಿಮೋನ ಆ ಕಷ್ಟಗಳನ್ನು ಕೇಳಿ ಅವನನ್ನು ಪ್ರೀತಿಸಿದಳು. ತಂದೆಗೆ ತಿಳಿಯದಂತೆ ಮದುವೆಯಾದಳು. ಅಷ್ಟು ದಿನ ಆದರದ ಅತಿಥಿಯಾಗಿದ್ದವನು ಅಳಿಯನಾದ ರಾತ್ರಿಯೇ ಮಾಟಗಾರನಾಗಿಬಿಟ್ಟ! ತನ್ನ ಮಗಳು ಮದ್ದು ಮಾಟವಿಲ್ಲದೆ ಇಂಥವನನ್ನು ಮೆಚ್ಚುವುದುಂಟೆ ಎಂದು ಬ್ರಬಾನ್ಶಿಯೊ ಸಭೆಗೆ ದೂರು ಒಯ್ಯುತ್ತಾನೆ. ಜೊತೆಯಲ್ಲಿ ಕೂರಿಸಿ ಊಟ ಹಾಕುವುದು ಬೇರೆ, ಮಗಳನ್ನು ಕೊಡುವುದು ಬೇರೆ. ಈ ವ್ಯತ್ಯಾಸವನ್ನು ನಮ್ಮ ಓದುಗ ಭಗಿನಿಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಂದು ಒಥೆಲೊ ಪಾರಾದದ್ದು ನ್ಯಾಯದಿಂದ ಮಾತ್ರವೇ ಎಂದು ಹೇಳುವುದು ಕಷ್ಟ. ತುರ್ಕರ ಹಡಗುಗಳು ಸೈಪ್ರಸ್ ದ್ವೀಪದತ್ತ ಹೊರಟಿದ್ದವು. ಅದೇ ರಾತ್ರಿ ಅವನನ್ನು ಯುದ್ಧಕ್ಕೆ ಕಳುಹಿಸಬೇಕಾಗಿತ್ತು. ಸೋತ ತಂದೆ ಹೋಗುವಾಗ ಅಳಿಯನಿಗೆ ಒಂದು ಮಾತು ಹೇಳಿ ಹೋಗುತ್ತಾನೆ: ಇವಳನ್ನು ನೋಡಿಕೋ, ತಂದೆಗೆ ಮೋಸ ಮಾಡಿದವಳು ನಿನಗೂ ಮಾಡಬಹುದು. ಹೆತ್ತವನ ಬಾಯಿಂದ ಬಂದ ಆ ಮಾತನ್ನೇ ಇಯಾಗೊ ಮುಂದೆ ಒಥೆಲೊವಿನ ಕಿವಿಯಲ್ಲಿ ಊದುತ್ತಾನೆ. ತನ್ನ ದೇಶದ, ತನ್ನ ಬಣ್ಣದ, ತನ್ನ ಅಂತಸ್ತಿನ ಗಂಡುಗಳನ್ನು ಬಿಟ್ಟು ನಿನ್ನನ್ನು ಕಟ್ಟಿಕೊಂಡವಳ ಮನಸ್ಸು ಸರಿಯಾಗಿದೆಯೇ ಎಂದು ಅನುಮಾನ ಹುಟ್ಟಿಸುತ್ತಾನೆ. ಆಗ ಒಥೆಲೊ ಮೊದಲ ಬಾರಿಗೆ ತನ್ನನ್ನು ವೆನಿಸ್ಸಿನವರ ಕಣ್ಣಿನಿಂದ ನೋಡಿಕೊಳ್ಳುತ್ತಾನೆ. ನಾನು ಕಪ್ಪಗಿದ್ದೇನೆ, ನಯವಾದ ಮಾತು ಬಾರದು, ವಯಸ್ಸೂ ಇಳಿಯುತ್ತಿದೆ, ಅದಕ್ಕೇ ಇರಬೇಕು ಎಂದುಕೊಳ್ಳುತ್ತಾನೆ. ಅವನ ಮತ್ಸರಕ್ಕೆ ಬೇರು ಇಲ್ಲಿದೆ. ನನ್ನಂಥವನನ್ನು ಇಂಥವಳು ಮೆಚ್ಚಿರಲಾರಳು ಎಂದು ಒಪ್ಪಿಕೊಂಡ ಮೇಲೆ, ಅವಳು ಕೆಟ್ಟವಳೆಂದು ನಂಬಲು ಒಂದು ಕರವಸ್ತ್ರ ಸಾಕಾಯಿತು.

ಲೆಕ್ಕ ಹಾಕಿ ನೋಡಿದರೆ ಈ ಅಪವಾದಕ್ಕೆ ಅವಕಾಶವೇ ಇಲ್ಲ. ಸೈಪ್ರಸ್ಸಿಗೆ ಒಥೆಲೊ ಒಂದು ಹಡಗಿನಲ್ಲಿ, ಕ್ಯಾಸಿಯೊ ಇನ್ನೊಂದರಲ್ಲಿ, ಡೆಸ್ಡಿಮೋನ ಇಯಾಗೊವಿನ ಕಾವಲಿನಲ್ಲಿ ಮತ್ತೊಂದರಲ್ಲಿ ಬರುತ್ತಾರೆ. ರಂಗದ ಮೇಲೆ ನಡೆಯುವ ಕಾಲವನ್ನು ಎಣಿಸಿದರೆ, ಬಂದಿಳಿದ ಮಾರನೆಯ ರಾತ್ರಿಯೇ ಅವಳ ಕೊಲೆ. ಹಾಗಾದರೆ ಅವಳು ತಪ್ಪು ಮಾಡಿದ್ದು ಯಾವಾಗ? ಹೈಸ್ಕೂಲು ಹುಡುಗಿಯೂ ಕೇಳಬಹುದಾದ ಪ್ರಶ್ನೆ. ದೊಡ್ಡ ಸೇನಾಪತಿ ಅದನ್ನು ಕೇಳುವುದಿಲ್ಲ. ಕ್ಯಾಸಿಯೊವನ್ನು ಎದುರಿಗೆ ಕೂರಿಸಿ ವಿಚಾರಿಸುವುದಿಲ್ಲ. ಸಾಕ್ಷ್ಯ ಬೇಕೆಂದು ಪಟ್ಟು ಹಿಡಿಯುತ್ತಾನೆ, ಆದರೆ ಆರೋಪ ಹೊರಿಸಿದವನ ಹತ್ತಿರವೇ ಸಾಕ್ಷ್ಯ ಕೇಳುತ್ತಾನೆ.

ಇನ್ನು ಆ ಕರವಸ್ತ್ರ. ಒಥೆಲೊ ಕೊಟ್ಟ ಮೊದಲ ಉಡುಗೊರೆ ಅದು. ಸ್ಟ್ರಾಬೆರಿ ಹಣ್ಣಿನ ಕಸೂತಿ ಇತ್ತು. ಗಂಡನಿಗೆ ತಲೆನೋವೆಂದು ಡೆಸ್ಡಿಮೋನ ಅದನ್ನು ಅವನ ಹಣೆಗೆ ಕಟ್ಟಲು ಹೋದಾಗ, ಇದು ಚಿಕ್ಕದು ಎಂದು ಅವನೇ ತಳ್ಳುತ್ತಾನೆ. ಕೆಳಗೆ ಬೀಳುತ್ತದೆ. ಬೀಳಿಸಿದವನು ಅವನು, ಉತ್ತರ ಹೇಳಬೇಕಾದವಳು ಅವಳು! 1693ರಲ್ಲಿ ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ, ಗೃಹಿಣಿಯರು ತಮ್ಮ ಬಟ್ಟೆಬರೆಯನ್ನು ಜೋಪಾನವಾಗಿಟ್ಟುಕೊಳ್ಳಬೇಕೆಂಬುದೇ ಈ ನಾಟಕದ ನೀತಿ ಎಂದು ಲೇವಡಿ ಮಾಡಿದ್ದಾನೆ. ನಗಲಿ ಪಾಪ. ತವರಿನ ಓಲೆ ಎಲ್ಲಿ, ಉಂಗುರ ಎಲ್ಲಿ ಎಂದು ಗಂಡನ ಮನೆಯಲ್ಲಿ ಲೆಕ್ಕ ಒಪ್ಪಿಸಿದವರಿಗೆ ಇದರಲ್ಲಿ ನಗು ಬಾರದು.

ಬಿದ್ದ ಕರವಸ್ತ್ರವನ್ನು ಎತ್ತಿಕೊಂಡವಳು ಎಮಿಲಿಯ. ಡೆಸ್ಡಿಮೋನಳ ಸಖಿ, ಇಯಾಗೊವಿನ ಹೆಂಡತಿ. ಅದನ್ನು ತಂದುಕೊಡೆಂದು ಗಂಡ ಎಷ್ಟೋ ಸಲ ಪೀಡಿಸಿದ್ದ. ಏಕೆಂದು ಅವಳಿಗೆ ತಿಳಿಯದು. ಅವನನ್ನು ಸಂತೋಷಪಡಿಸಿದರೆ ಸಾಕು. ಅವನು ಕಿತ್ತುಕೊಂಡ ಮೇಲೆ, ಮುಖ್ಯ ಕೆಲಸಕ್ಕಲ್ಲದಿದ್ದರೆ ಹಿಂದಕ್ಕೆ ಕೊಡು, ಅಮ್ಮನವರು ಹುಚ್ಚಿಯಂತಾಗುತ್ತಾರೆ ಎಂದು ಬೇಡುತ್ತಾಳೆ. ಅವನು ಕೊಡುವುದಿಲ್ಲ. ಸ್ವಲ್ಪ ಹೊತ್ತಿಗೆ ಡೆಸ್ಡಿಮೋನ, ಕರವಸ್ತ್ರ ಎಲ್ಲಿ ಕಳೆಯಿತೋ ಎಮಿಲಿಯ ಎನ್ನುತ್ತಾಳೆ. ಎಮಿಲಿಯ ತನಗೆ ಗೊತ್ತಿಲ್ಲ ಎಂದುಬಿಡುತ್ತಾಳೆ. ಒಥೆಲೊ ಬಂದು ಕರವಸ್ತ್ರಕ್ಕಾಗಿ ಕೂಗಾಡುವಾಗಲೂ ಅಲ್ಲೇ ನಿಂತಿದ್ದಾಳೆ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಅವಳು ಕೆಟ್ಟವಳೇ? ಅಲ್ಲ. ಡೆಸ್ಡಿಮೋನಳ ಶೀಲದ ಬಗ್ಗೆ ಒಥೆಲೊ ಕೇಳಿದಾಗ ತನ್ನ ಆತ್ಮವನ್ನೇ ಪಣವಿಟ್ಟು ಸಾಕ್ಷಿ ಹೇಳುತ್ತಾಳೆ. ಆದರೆ ಗಂಡನ ಕಡೆಗೆ ಕೈ ತೋರಿಸುವ ಆ ಒಂದು ಸಂಗತಿಯನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳುತ್ತಾಳೆ. ಅವಳ ಸಂಸಾರದ ಗುಟ್ಟೂ ನಾಟಕದಲ್ಲೇ ಇದೆ: ಇಯಾಗೊ ಒಮ್ಮೆ ಅವಳ ಮೇಲೂ, ಒಥೆಲೊವಿನ ಜೊತೆ ಸೇರಿಸಿ, ಸಂಶಯಪಟ್ಟಿದ್ದ. ಸಂಶಯದ ಗಂಡನೊಡನೆ ಬಾಳುವವಳಿಗೆ ಅವನ ಮುಖ ಗೆಲುವಾಗಿರುವುದೇ ದಿನದ ಲಾಭ. ಅದಕ್ಕಾಗಿ ಒಂದು ತುಂಡು ಬಟ್ಟೆ ಕೊಟ್ಟಳು.

ಇಲ್ಲಿ ನನ್ನ ಕಥೆಯೂ ಒಂದಿದೆ, ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ನಾನಿದ್ದ ಶಾಲೆಗೆ ಸಹೋದ್ಯೋಗಿಯೊಬ್ಬರ ಗಂಡ ಬಂದು, ನಿನ್ನೆ ಇವಳು ಎಷ್ಟು ಗಂಟೆಗೆ ಹೊರಟಳು ಮೇಡಂ ಎಂದು ನನ್ನನ್ನು ಕೇಳಿದರು. ಐದೂವರೆಯವರೆಗೆ ನಾವಿಬ್ಬರೂ ಕೂತು ಉತ್ತರಪತ್ರಿಕೆ ತಿದ್ದಿದ್ದೆವು. ಆದರೂ, ಅವರವರ ಮನೆಯ ವಿಷಯ ನಮಗೇಕೆ ಎಂದು, ನೆನಪಿಲ್ಲ ಎಂದುಬಿಟ್ಟೆ. ಆಕೆ ಪಕ್ಕದ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು. ಮುಂದಿನ ಜೂನ್‌ಗೆ ಅವರು ಕೆಲಸಕ್ಕೆ ಬರಲಿಲ್ಲ. ನನ್ನ ಮಾತಿನಿಂದಲೇ ಹಾಗಾಯಿತೆಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಎಮಿಲಿಯ ‘ಗೊತ್ತಿಲ್ಲ’ ಎನ್ನುವ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟು ಎದ್ದು ನೀರು ಕುಡಿದು ಬಂದೆ.

ಷೇಕ್ಸ್‌ಪಿಯರನಿಗೆ ಈ ಕಥೆ ಸಿಕ್ಕಿದ್ದು 1565ರಲ್ಲಿ ಪ್ರಕಟವಾದ, ಚಿಂತಿಯೊ ಎಂಬ ಇಟಲಿಯ ಲೇಖಕನ ಸಂಗ್ರಹದಲ್ಲಿ. ಅಲ್ಲಿ ಕರವಸ್ತ್ರ ಕದಿಯುವವನು ಗಂಡನೇ. ಹೆಂಡತಿಗೆ ಸಂಚೆಲ್ಲ ಗೊತ್ತು, ಆದರೆ ಅವನಿಗೆ ಹೆದರಿ ಅವನು ಸಾಯುವವರೆಗೂ ಬಾಯಿ ಬಿಡುವುದಿಲ್ಲ. ಷೇಕ್ಸ್‌ಪಿಯರ್ ಇದನ್ನು ಬದಲಾಯಿಸಿದ. ಅವನ ಎಮಿಲಿಯಳಿಗೆ ಸಂಚು ಗೊತ್ತಿಲ್ಲ. ಗೊತ್ತಾದ ಗಳಿಗೆಯಲ್ಲಿ, ಗಂಡನ ಎದುರಿನಲ್ಲೇ, ಅವನ ಕತ್ತಿಯ ಮುಂದೆಯೇ ಹೇಳುತ್ತಾಳೆ. ಮನೆಗೆ ನಡೆ ಎಂದು ಅವನು ಗದರಿಸಿದಾಗ, ನಿನ್ನ ಮಾತು ಕೇಳಬೇಕಾದದ್ದು ಧರ್ಮ, ಆದರೆ ಈಗ ಕೇಳಲಾರೆ ಎಂಬ ಅರ್ಥದ ಉತ್ತರ ಕೊಡುತ್ತಾಳೆ. ಅವನು ಇರಿಯುತ್ತಾನೆ. ನನ್ನನ್ನು ಒಡತಿಯ ಪಕ್ಕದಲ್ಲಿ ಮಲಗಿಸಿ ಎಂದು ಕೇಳಿಕೊಂಡು ಸಾಯುತ್ತಾಳೆ. ಮಹಾ ಸೇನಾಪತಿಯ ಕಣ್ಣು ತೆರೆಸಿದ್ದು ಒಬ್ಬ ಸಖಿಯ ಬಾಯಿ. ತಡವಾಯಿತು, ನಿಜ.

ಈ ನಾಟಕ 1604ರ ನವೆಂಬರ್ 1ರಂದು ಲಂಡನ್ನಿನ ಅರಮನೆಯಲ್ಲಿ ನಡೆದ ದಾಖಲೆ ಇದೆ. ಆಗ ಹೆಣ್ಣಿನ ಪಾತ್ರಗಳನ್ನು ಹುಡುಗರೇ ಮಾಡುತ್ತಿದ್ದರು. ಕನ್ನಡಕ್ಕೂ ಇದು ಹತ್ತೊಂಬತ್ತನೆಯ ಶತಮಾನದಲ್ಲೇ ಬಸವಪ್ಪ ಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ಯಾಗಿ ಬಂದಿತು. ದಕ್ಷಿಣ ಆಫ್ರಿಕದಲ್ಲಿ ಕರಿಯರು ಬಿಳಿಯರು ಮದುವೆಯಾಗಬಾರದೆಂಬ 1949ರ ಕಾನೂನು ರದ್ದಾದದ್ದು 1985ರಲ್ಲಿ. ಎರಡೇ ವರ್ಷಕ್ಕೆ, 1987ರಲ್ಲಿ, ಜೋಹಾನ್ಸ್‌ಬರ್ಗಿನಲ್ಲಿ ಜಾನ್ ಕಾನಿ ಎಂಬ ಕರಿಯ ನಟ ಒಥೆಲೊವಾಗಿ ರಂಗಕ್ಕೆ ಬಂದ. ಅಂಥ ಕಡೆ ಇದು ಹಳೆಯ ಕಥೆ ಅನ್ನಿಸಿರಲಾರದು.

ಬಣ್ಣ, ಜಾತಿ, ಮತ್ಸರ ಇವುಗಳ ಬಗ್ಗೆ ಪ್ರಬಂಧ ಬರೆಯಿರೆಂದು ನಾವು ಮಕ್ಕಳಿಗೆ ಹೇಳುತ್ತೇವೆ, ಅವರು ಚೆನ್ನಾಗಿಯೇ ಬರೆಯುತ್ತಾರೆ. ಈ ನಾಟಕವನ್ನು ಪಾಠ ಮಾಡುವ ಅವಕಾಶ ನನಗೆ ಸಿಕ್ಕಿದರೆ ಒಥೆಲೊವಿನ ಪ್ರಶ್ನೆಯನ್ನು ಕೊನೆಗಿಟ್ಟು, ಕರವಸ್ತ್ರ ಎಲ್ಲಿದೆ ಎಂದು ಗೊತ್ತಿದ್ದವಳು ಏಕೆ ಸುಮ್ಮನಿದ್ದಳು ಎಂದು ಮೊದಲು ಕೇಳುತ್ತೇನೆ. ಆ ಸಹೋದ್ಯೋಗಿ ಈಗ ಯಾವ ಊರಿನಲ್ಲಿದ್ದಾರೋ ತಿಳಿಯದು. ಈ ಪುಟ ಅವರ ಕಣ್ಣಿಗೆ ಬಿದ್ದರೆ: ಐದೂವರೆ ಗಂಟೆ, ನನಗೆ ಚೆನ್ನಾಗಿ ನೆನಪಿತ್ತು.