ಕೂತವರ ಉತ್ತರ ಕೇಳಿ: ಟಿಬೆಟನ್ ತರ್ಕದಂಗಳಕ್ಕೆ ಹೊರಟ ರಸಿಕರಿಗೊಂದು ಕೈಪಿಡಿ

ಬೈಲಕುಪ್ಪೆಗೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ನಾಮ್‌ಡ್ರೋಲಿಂಗ್ ಮಠದ ಚಿನ್ನದ ದೇಗುಲ ನೋಡಿ, ಒಂದು ತಟ್ಟೆ ಮೊಮೊ ತಿಂದು, ಕುಶಾಲನಗರದ ಕಡೆಗೆ ಹೊರಟುಬಿಡುತ್ತಾರೆ. ಅದೇ ಟಿಬೆಟನ್ ನೆಲೆಯಲ್ಲಿ, ಸ್ವಲ್ಪ ದೂರದಲ್ಲೇ, ಸೆರಾ ಮಹಾವಿಹಾರವಿದೆ. ಸಂಜೆ ಅದರ ಅಂಗಳದಲ್ಲಿ ನೂರಾರು ಭಿಕ್ಷುಗಳು ಜೋಡಿ ಜೋಡಿಯಾಗಿ ವಾದಕ್ಕೆ ಇಳಿಯುತ್ತಾರೆ. ಒಬ್ಬರು ನೆಲದ ಮೇಲೆ ಕೂತಿರುತ್ತಾರೆ. ಇನ್ನೊಬ್ಬರು ಎದುರು ನಿಂತು, ಕಾಲು ನೆಲಕ್ಕೆ ಅಪ್ಪಳಿಸಿ, ಚಪ್ಪಾಳೆ ಹೊಡೆದು ಪ್ರಶ್ನೆ ಹಾಕುತ್ತಾರೆ. ಅಷ್ಟೂ ಜೋಡಿಗಳ ದನಿ ಒಟ್ಟಿಗೆ ಏಳುತ್ತದೆ.

ಹೊಸಬರು ಹತ್ತು ನಿಮಿಷ ನಿಂತು, ನಾಲ್ಕು ಫೋಟೊ ತೆಗೆದು, ಹೊರಟುಹೋಗುವುದು ಇಲ್ಲಿಯೇ. ಭಾಷೆ ತಿಳಿಯದೆ ಕೂತು ಮಾಡುವುದೇನು ಎಂದು ಅವರಿಗೆ ಅನ್ನಿಸುತ್ತದೆ. ಆದರೆ ಈ ವಾದಕ್ಕೆ ಬಿಗಿಯಾದ ಒಂದು ಆಕಾರವಿದೆ. ಅದರ ನಾಲ್ಕೈದು ಮಾತು, ಮೂರು ನಾಲ್ಕು ಚಲನೆ ಗೊತ್ತಾದರೆ ಸಾಕು, ಟಿಬೆಟನ್ ಬಾರದವರೂ ಆಟ ಎತ್ತ ಸಾಗಿದೆ ಎಂದು ಹಿಡಿಯಬಲ್ಲರು. ಬೌದ್ಧ ಸಾಧನೆ ಎಂದರೆ ಕಣ್ಣು ಮುಚ್ಚಿ ಒಬ್ಬರೇ ಕೂರುವುದು ಎಂದು ನಂಬಿದವರಿಗಂತೂ ಈ ಅಂಗಳ ದೊಡ್ಡ ಪಾಠ. ಇಲ್ಲಿ ಮನಸ್ಸನ್ನು ಪಳಗಿಸುವ ಕೆಲಸ ಇಬ್ಬರು ಸೇರಿ, ಕಣ್ಣು ತೆರೆದು, ಗಟ್ಟಿ ದನಿಯಲ್ಲಿ ನಡೆಯುತ್ತದೆ.

ದಕ್ಷಿಣಕ್ಕೆ ಮರಳಿದ ವಿದ್ಯೆ

ಈ ತರ್ಕದ ಬೇರು ಭಾರತದ್ದು. ಬೌದ್ಧ ಪ್ರಮಾಣಶಾಸ್ತ್ರಕ್ಕೆ ಅಡಿಪಾಯ ಹಾಕಿದವನು ದಿಙ್ನಾಗ. ಅದನ್ನು ಕಟ್ಟಿ ನಿಲ್ಲಿಸಿದವನು ಧರ್ಮಕೀರ್ತಿ. ಇಬ್ಬರೂ ದಕ್ಷಿಣ ಭಾರತದವರೆಂದು ಟಿಬೆಟನ್ ಪರಂಪರೆ ಹೇಳುತ್ತದೆ. ನಾಲಂದದಂಥ ವಿಹಾರಗಳಲ್ಲಿ ಬೆಳೆದ ಈ ವಿದ್ಯೆ ಹಿಮಾಲಯ ದಾಟಿ ಟಿಬೆಟ್ ಸೇರಿತು. 12ನೇ ಶತಮಾನದಲ್ಲಿ ಸಾಂಗ್‌ಫು ಮಠದ ಚಾಪಾ ಚೋಕಿ ಸೆಂಗೆ ಅಲ್ಲಿನ ವಾದಕ್ಕೆ ಖಚಿತ ರೂಪ ಕೊಟ್ಟನೆಂಬ ಹೆಸರಿದೆ. 1419ರಲ್ಲಿ ಲಾಸಾದ ಹೊರವಲಯದಲ್ಲಿ ಮೂಲ ಸೆರಾ ಸ್ಥಾಪನೆಯಾಯಿತು. ಗಾಂಡೆನ್, ಡ್ರೆಪುಂಗ್, ಸೆರಾ ಈ ಮೂರೂ ಗೆಲುಗ್ ಪಂಥದ ಮಹಾವಿದ್ಯಾಪೀಠಗಳಾಗಿ ಬೆಳೆದವು.

1959ರ ಮೊದಲ ತಿಂಗಳುಗಳಲ್ಲಿ, ಮೋನ್ಲಾಮ್ ಉತ್ಸವದ ಹೊತ್ತಿಗೆ, ಲಾಸಾದ ಜೋಖಾಂಗ್ ದೇಗುಲದಲ್ಲಿ 23 ವರ್ಷದ ದಲೈ ಲಾಮಾ ಸಾವಿರಾರು ಭಿಕ್ಷುಗಳ ಎದುರು ತಮ್ಮ ಕೊನೆಯ ತರ್ಕ ಪರೀಕ್ಷೆಗೆ ಕೂತರು. ಅದಾದ ಕೆಲವೇ ವಾರಗಳಲ್ಲಿ ಅವರು ದೇಶ ಬಿಡಬೇಕಾಯಿತು. ಹಿಂದೆಯೇ ಗಡಿ ದಾಟಿದ ವಿದ್ವಾಂಸ ಭಿಕ್ಷುಗಳಿಗೆ ಉತ್ತರ ಬಂಗಾಳದ ಬಕ್ಸಾದಲ್ಲಿ ಜಾಗ ಸಿಕ್ಕಿತು. ಬ್ರಿಟಿಷರ ಕಾಲದಲ್ಲಿ ಅದು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಶಿಬಿರ. ಸೆಕೆ, ಕ್ಷಯರೋಗ, ಇಕ್ಕಟ್ಟು ಇವುಗಳ ನಡುವೆ ಆ ಭಿಕ್ಷುಗಳು ಹತ್ತಿರ ಹತ್ತಿರ ಒಂದು ದಶಕ ಪಾಠವನ್ನೂ ವಾದವನ್ನೂ ನಿಲ್ಲಿಸಲಿಲ್ಲ. ಎಷ್ಟೋ ಜನ ಅಲ್ಲೇ ತೀರಿಕೊಂಡರು.

ಆಗಿನ ಮೈಸೂರು ರಾಜ್ಯ ಟಿಬೆಟನ್ ನಿರಾಶ್ರಿತರಿಗೆ ಭೂಮಿ ಕೊಟ್ಟಿತ್ತು. 1970ರ ಹೊತ್ತಿಗೆ ಸೆರಾದ ಕೆಲವು ನೂರು ಭಿಕ್ಷುಗಳು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದರು. ಡ್ರೆಪುಂಗ್, ಗಾಂಡೆನ್‌ಗಳವರು ಉತ್ತರ ಕನ್ನಡದ ಮುಂಡಗೋಡಿಗೆ ಹೋದರು. ಹಗಲು ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ಸಂಜೆ ಪುಸ್ತಕ ಬಿಚ್ಚಿದರು. ಇಂದು ಲಡಾಖ್, ಅರುಣಾಚಲ, ನೇಪಾಳ, ಮಂಗೋಲಿಯಾಗಳ ಹುಡುಗರೂ ಓದಲು ಬರುವುದು ಇಲ್ಲಿಗೆ.

ನಿಂತವರು, ಕೂತವರು

ಅಂಗಳದಲ್ಲಿ ಮೊದಲು ಕಣ್ಣಿಗೆ ಬೀಳುವುದು ನಿಂತವರು. ಪ್ರಶ್ನೆ ಅವರದು. ಪ್ರಜ್ಞೆಯ ಬೋಧಿಸತ್ವ ಮಂಜುಶ್ರೀಯ ಬೀಜಾಕ್ಷರವಾದ 'ಧೀಃ' ಎಂಬ ಕೂಗಿನಿಂದ ಅವರು ವಾದ ಆರಂಭಿಸುತ್ತಾರೆ. ಎಡಗೈ ಅಂಗೈ ಮೇಲಾಗಿ ಮುಂದೆ ಚಾಚಿರುತ್ತದೆ. ಜಪಮಾಲೆ ಎಡ ತೋಳಿನಲ್ಲಿ. ಪ್ರಶ್ನೆ ಬೆಳೆಯುತ್ತಿದ್ದಂತೆ ಬಲಗೈ ತಲೆಯ ಮೇಲಕ್ಕೆ ಏರುತ್ತದೆ, ಎಡಗಾಲೂ ಮೇಲೇಳುತ್ತದೆ. ಪ್ರಶ್ನೆಯ ಕೊನೆಯ ಮಾತು, ನೆಲ ಮುಟ್ಟುವ ಪಾದ, ಅಂಗೈಗೆ ಅಂಗೈ ತಾಗುವ ಸದ್ದು ಮೂರೂ ಒಂದೇ ಕ್ಷಣದಲ್ಲಿ ಬೀಳುತ್ತವೆ. ಆಮೇಲೆ ಎಡಗೈ ಅಲ್ಲೇ ನಿಂತು, ಬಲಗೈ ಮೇಲಕ್ಕೆ ಸರಿಯುತ್ತದೆ. ಎಡಗೈ ದುರ್ಗತಿಯ ಬಾಗಿಲು ಮುಚ್ಚುತ್ತದೆ, ಬಲಗೈ ಅಲ್ಲಿ ಬಿದ್ದ ಜೀವಿಗಳನ್ನು ಮೇಲೆತ್ತುತ್ತದೆ ಎಂದು ಭಿಕ್ಷುಗಳು ಇದರ ಅರ್ಥ ಹೇಳುತ್ತಾರೆ. ಹೊಸದಾಗಿ ಕಲಿಯುವವರ ಚಪ್ಪಾಳೆ ಮಾತಿಗಿಂತ ಮುಂದೆಯೋ ಹಿಂದೆಯೋ ಬೀಳುವುದನ್ನು ಗಮನಿಸಿ; ಪಳಗಿದವರಲ್ಲಿ ಮಾತೂ ಮೈಯೂ ಒಂದಾಗಿರುತ್ತವೆ.

ಕೂತವರ ಮೈಯಲ್ಲಿ ಇದಾವುದೂ ಇಲ್ಲ. ಅವರು ಹೇಳುವುದೂ ಒಂದೆರಡು ಮಾತು, ಅದೂ ತಗ್ಗಿದ ದನಿಯಲ್ಲಿ. ಆದರೆ ವಾದದ ಭಾರವೆಲ್ಲ ಅವರ ಮೇಲಿದೆ. ನಿಂತವರು ಯಾವ ನಿಲುವನ್ನೂ ಕಾಪಾಡಬೇಕಾಗಿಲ್ಲ. ಎಲ್ಲಿಂದ ಬೇಕಾದರೂ ಪ್ರಶ್ನೆ ತರಬಹುದು. ಕೂತವರು ತಾವು ಒಪ್ಪಿದ ಪ್ರತಿಯೊಂದು ಮಾತಿಗೂ ಕೊನೆಯವರೆಗೆ ಬದ್ಧರು. ಈ ಕಲೆಯ ರಸ ಇರುವುದು ಅಲ್ಲಿ. ಆದ್ದರಿಂದ ರಸಿಕರಾಗಬೇಕೆನ್ನುವವರಿಗೆ ಮೊದಲ ಸೂತ್ರ ಇದು: ಚಪ್ಪಾಳೆಯಿಂದ ಕಣ್ಣು ಕಿತ್ತು, ಕೂತವರ ಮುಖದ ಮೇಲೆ ಇಡಿ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರ ದಾರಿ ಬೇಗ ಸಿಗುತ್ತದೆ. ಆಶುವಾಗಿ ಮಾತು ಕಟ್ಟುವುದು, ಎದುರಾಳಿಯ ಮಾತಿನಿಂದಲೇ ಎದುರಾಳಿಯನ್ನು ಹಿಡಿಯುವುದು ಎರಡರಲ್ಲೂ ಇದೆ. ಆದರೆ ಅರ್ಥಧಾರಿಗೆ ತನ್ನ ಪಾತ್ರವಿದೆ, ಮಾತನ್ನು ಹಿಗ್ಗಿಸಲು ಸ್ವಾತಂತ್ರ್ಯವಿದೆ. ಇಲ್ಲಿ ಪಾತ್ರವಿಲ್ಲ, ಅಲಂಕಾರವಿಲ್ಲ. ನಿನ್ನೆ ನಿಂತವರು ಇಂದು ಕೂರುತ್ತಾರೆ.

ನಾಲ್ಕೇ ಉತ್ತರ

ಕೂತವರಿಗೆ ಇರುವ ಉತ್ತರಗಳನ್ನು ಬೆರಳಲ್ಲಿ ಎಣಿಸಬಹುದು. 'ದೋ' ಎಂದರೆ ಒಪ್ಪಿದೆ. 'ತಾಕ್ ಮಾ ಡ್ರುಪ್' ಎಂದರೆ ನೀವು ಕೊಟ್ಟ ಹೇತು, ಅಂದರೆ ಕಾರಣ, ಸಿದ್ಧವಿಲ್ಲ. 'ಖ್ಯಾಪ್ ಪಾ ಮಾ ಜುಂಗ್' ಎಂದರೆ ವ್ಯಾಪ್ತಿ ಇಲ್ಲ, ಅಂದರೆ ಹೇತು ನಿಜವಾದರೂ ಅದರಿಂದ ನೀವು ಹೇಳಿದ್ದು ಹೊರಡುವುದಿಲ್ಲ. ಪ್ರಶ್ನೆಯಲ್ಲಿ ಕಾರಣವೇ ಇಲ್ಲದಿದ್ದರೆ 'ಚಿ ಚಿರ್', ಏಕೆ? ಈ ನಾಲ್ಕನ್ನು ಬಾಯಿಪಾಠ ಮಾಡಿಕೊಂಡು ಹೋದರೆ ಅಂಗಳದ ಅರ್ಧ ಗದ್ದಲ ತಿಳಿಯಾಗುತ್ತದೆ.

ಹುಡುಗರು ಮೊದಲ ವರ್ಷದಲ್ಲಿ ಕಲಿಯುವ ಬಣ್ಣದ ವಾದವನ್ನೇ ನೋಡೋಣ. 'ಬಣ್ಣವಾದದ್ದೆಲ್ಲ ಕೆಂಪೇ?' ಎಂದು ನಿಂತವರು ಕೇಳುತ್ತಾರೆ. ಕೂತ ಹುಡುಗ 'ದೋ' ಎಂದುಬಿಟ್ಟನೆಂದುಕೊಳ್ಳಿ. ಕೂಡಲೇ ಮುಂದಿನ ಪ್ರಶ್ನೆ: 'ಬಿಳಿ ಶಂಖದ ಬಣ್ಣವನ್ನು ತೆಗೆದುಕೋ. ಅದು ಕೆಂಪಾಗಿರಬೇಕು, ಏಕೆಂದರೆ ಅದು ಬಣ್ಣ.' ಈಗ ಹುಡುಗ ಏನು ಹೇಳಬೇಕು? ಹೇತು ಸಿದ್ಧವಿಲ್ಲ ಎಂದರೆ, 'ಅದು ಬಣ್ಣವೇ, ಏಕೆಂದರೆ ಅದು ಬಿಳಿ' ಎಂಬ ಉತ್ತರ ಕಾದಿದೆ. ವ್ಯಾಪ್ತಿ ಇಲ್ಲ ಎಂದರೆ, ಈಗಷ್ಟೇ ಒಪ್ಪಿದ ಮಾತನ್ನು ತಾನೇ ಮುರಿದಂತೆ. ಒಪ್ಪಿದೆ ಎಂದರೆ ಬಿಳಿ ಬಣ್ಣ ಕೆಂಪಾಗುತ್ತದೆ. ಮೂರು ದಿಕ್ಕೂ ಮುಚ್ಚಿತು. ಯೋಚಿಸದೆ ಆಡಿದ ಒಂದು 'ದೋ' ಎಷ್ಟು ದುಬಾರಿ ಎಂದು ಎಂಟು ಹತ್ತು ವರ್ಷದ ಮಗುವಿಗೂ ಅರಿವಾಗುತ್ತದೆ.

ಶಂಖದ ಬಣ್ಣ ಎಂದೇ ಹೇಳಿದ್ದಕ್ಕೂ ಕಾರಣವಿದೆ. ಶಂಖ ಒಂದು ವಸ್ತು, ಅದು ಬಣ್ಣವಲ್ಲ. ಇದೇ ಜಾಡಿನಲ್ಲಿ ಹುಡುಗರು 'ಬಿಳಿ ಕುದುರೆ ಬಿಳಿಯೇ?' ಎಂದು ಕಾದಾಡುತ್ತಾರೆ. ಬಿಳಿ ಎನ್ನುವುದು ಬಣ್ಣ, ಕುದುರೆ ಜೀವಿ. ಆದ್ದರಿಂದ ಕುದುರೆ ಬಿಳಿಯಲ್ಲ, ಅದರ ಬಣ್ಣ ಬಿಳಿ ಎಂಬಲ್ಲಿಗೆ ಬಂದು ಮುಟ್ಟುತ್ತಾರೆ. ಇದು ಮಾತಿನ ಚಮತ್ಕಾರವೆಂದು ತಳ್ಳಿಹಾಕಬೇಡಿ. ವಸ್ತುವನ್ನೂ ಅದರ ಗುಣವನ್ನೂ ಬೇರ್ಪಡಿಸಿ ನೋಡಲು ಕಲಿತ ಈ ಹುಡುಗರೇ ಮುಂದೆ 'ನಾನು' ಎಂಬುದು ದೇಹವೇ, ಮನಸ್ಸೇ, ಎರಡಕ್ಕೂ ಹೊರತಾದದ್ದೇ ಎಂಬ ಪ್ರಶ್ನೆಗೆ ಕೈಹಾಕುವವರು.

ಏನನ್ನು ಕೇಳಬೇಕು, ಏನನ್ನು ನೋಡಬೇಕು

ಮೊದಲನೆಯದು ವೇಗ. ಆರಂಭದಲ್ಲಿ ಪ್ರಶ್ನೆ ನಿಧಾನ, ಉತ್ತರವೂ ನಿಧಾನ; ಈ ಹಂತದಲ್ಲಿ ನಿಂತವರು ಒಪ್ಪಿಗೆಗಳನ್ನು ಒಂದೊಂದಾಗಿ ಸಂಗ್ರಹಿಸುತ್ತಿರುತ್ತಾರೆ. ಚಪ್ಪಾಳೆಗಳ ನಡುವಿನ ಅಂತರ ಕಡಿಮೆಯಾಯಿತೆಂದರೆ ಬಿರುಕು ಕಂಡಿತೆಂದು ತಿಳಿಯಿರಿ.

ಎರಡನೆಯದು 'ತ್ಸಾ!' ಎಂಬ ಕೂಗು. ಕೂತವರು ತಮ್ಮದೇ ಮಾತಿಗೆ ವಿರುದ್ಧ ಹೋದಾಗ ನಿಂತವರು ಬಲಗೈಯ ಹಿಂಬದಿಯನ್ನು ಎಡ ಅಂಗೈಗೆ ಬಡಿದು ಹೀಗೆ ಕೂಗುತ್ತಾರೆ. ಸುತ್ತಲಿದ್ದವರೂ ದನಿಗೂಡಿಸುವುದುಂಟು. ಹೇತು, ವ್ಯಾಪ್ತಿ, ನಿಲುವು ಮೂರರಲ್ಲೂ ಸಿಕ್ಕಿಬಿದ್ದರೆ 'ಖೋರ್ ಸುಮ್', ಮೂರು ಸುತ್ತು. ಅದಕ್ಕಿಂತ ದೊಡ್ಡ ಸೋಲಿಲ್ಲ.

ಮೂರನೆಯದು ಮೌನ. ಪ್ರಶ್ನೆ ಬಿದ್ದ ಮೇಲೆ ಕೂತವರು ಸುಮ್ಮನಾದರೆ ಆ ಹೊತ್ತನ್ನು ಬಿಡದೆ ನೋಡಿ. ಹಿಂದೆ ಒಪ್ಪಿದ್ದೆಲ್ಲವನ್ನೂ ಅವರು ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದಾರೆ. ಎದುರಿನವರು ಅವಸರ ಮಾಡುತ್ತಾರೆ, ತಲೆಯ ಹತ್ತಿರವೇ ಚಪ್ಪಾಳೆ ಹೊಡೆಯುತ್ತಾರೆ, ಛೇಡಿಸುತ್ತಾರೆ. ಅಲುಗದೆ ಕೂತು, ಸರಿಯಾದ ಒಂದೇ ಮಾತನ್ನು ಹೆಕ್ಕಿ ಕೊಡುವುದು ಉತ್ತರಿಸುವವರ ಹೆಚ್ಚುಗಾರಿಕೆ. ನಿಂತವರ ಹೆಚ್ಚುಗಾರಿಕೆ ಕೂಗಿನಲ್ಲಿಲ್ಲ. ಮೊದಲ ಒಪ್ಪಿಗೆಯನ್ನು ಎಷ್ಟು ದೂರ ನಡೆಸಿಕೊಂಡು ಹೋಗಿ, ಎಷ್ಟು ಅನಿರೀಕ್ಷಿತ ಕಡೆ ತಂದು ನಿಲ್ಲಿಸಿದರು ಎಂಬುದರಲ್ಲಿದೆ.

ನಾಲ್ಕನೆಯದು ನಗು. ಸಿಕ್ಕಿಬಿದ್ದವರೂ ಹಿಡಿದವರೂ ಒಟ್ಟಿಗೆ ನಗುತ್ತಾರೆ. ಸೆಣಸಾಟ ಮುಗಿದು ಚಹಾ ಕುಡಿಯಲು ಹೋಗುವಾಗ ಅದೇ ಇಬ್ಬರು ಹೆಗಲಿಗೆ ಕೈ ಹಾಕಿಕೊಂಡಿರುತ್ತಾರೆ. ಬಿದ್ದದ್ದು ಒಂದು ತಪ್ಪು ತಿಳಿವಳಿಕೆ. ಅದು ಬಿದ್ದದ್ದರಿಂದ ಇಬ್ಬರಿಗೂ ಲಾಭ.

ಅಂಗಳದ ಹಿಂದಿರುವ ದಿನಚರಿ

ಸಂಜೆಯ ಈ ಹುರುಪಿಗೆ ಇಡೀ ದಿನದ ಸಿದ್ಧತೆಯಿದೆ. ಬೆಳಗ್ಗೆ ಸಾಮೂಹಿಕ ಪ್ರಾರ್ಥನೆ. ಅಲ್ಲಿಯೇ ಸಾಲು ಸಾಲಾಗಿ ಕೂತವರ ಬಟ್ಟಲಿಗೆ ಚಹಾ, ಕೈಗೆ ರೊಟ್ಟಿ. ಆಮೇಲೆ ಬಾಯಿಪಾಠ, ಗುರುಗಳ ಕೊಠಡಿಯಲ್ಲಿ ಪಾಠ. ಗುರುವನ್ನು ಇವರು 'ಗೆನ್-ಲಾ' ಎಂದು ಕರೆಯುತ್ತಾರೆ. ಮೂಲಗ್ರಂಥ ನಾಲಗೆಯ ಮೇಲೆ ಇಲ್ಲದಿದ್ದರೆ ಅಂಗಳದಲ್ಲಿ ನಿಲ್ಲಲಾಗುವುದಿಲ್ಲ. ಅಲ್ಲಿ ಪುಸ್ತಕ ತೆರೆಯುವ ವಾಡಿಕೆಯಿಲ್ಲ. ವಾದದ ಸರದಿಯ ನಡುವೆ ತಾರಾಸ್ತುತಿ, ಪ್ರಜ್ಞಾಪಾರಮಿತಾ ಹೃದಯ ಸೂತ್ರಗಳ ದೀರ್ಘ ಪಠಣವೂ ಇದೆ. ಶಿಸ್ತು ನೋಡಿಕೊಳ್ಳುವ ಹಿರಿಯ ಭಿಕ್ಷು ಸಾಲುಗಳ ನಡುವೆ ಓಡಾಡುತ್ತಿರುತ್ತಾರೆ. ಊರು ಸೀಮೆಗಳ ಪ್ರಕಾರ ಹಂಚಿಕೊಂಡ ಖಾಂಗ್‌ತ್ಸೆನ್ ಎಂಬ ವಸತಿಮನೆಗಳಲ್ಲಿ ಅಡುಗೆ, ಕಸ, ಮಕ್ಕಳ ಆರೈಕೆ, ಮುದುಕರ ಸೇವೆ ಸರದಿಯಂತೆ ನಡೆಯುತ್ತವೆ.

ಓದು ಐದು ಮಹಾಗ್ರಂಥಗಳ ಸುತ್ತ: ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಮೈತ್ರೇಯನ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಎಲ್ಲ ಮುಗಿಸಿ ಗೆಶೆ ಪದವಿ ಮುಟ್ಟಲು ಸುಮಾರು ಎರಡು ದಶಕ ಬೇಕು. ಭಿಕ್ಷುಣಿಯರಿಗೆ ಈ ದಾರಿ ತೀರಾ ಈಚೆಗೆ ತೆರೆಯಿತು. 2016ರ ಡಿಸೆಂಬರ್‌ನಲ್ಲಿ ಮುಂಡಗೋಡಿನಲ್ಲಿ ಮೊದಲ ಬಾರಿಗೆ 20 ಭಿಕ್ಷುಣಿಯರು ಗೆಶೆಮಾ ಪದವಿ ಪಡೆದರು. ಟಿಬೆಟನ್ ವಿದ್ಯಾಪರಂಪರೆಯ ಅಂಥ ದೊಡ್ಡ ದಿನ ನಡೆದದ್ದು ಕರ್ನಾಟಕದ ಮಣ್ಣಿನಲ್ಲಿ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ತರ್ಕದಿಂದ ಧ್ಯಾನಕ್ಕೆ

ಇಷ್ಟೆಲ್ಲ ವಾದ ಮಾಡಿ ಮನಸ್ಸು ಶಾಂತವಾಗುವುದು ಹೇಗೆ ಎಂದು ಕೇಳುವವರುಂಟು. ಪರಂಪರೆಯ ಉತ್ತರ ಸ್ಪಷ್ಟವಾಗಿದೆ. ಅರಿವಿಗೆ ಮೂರು ಮೆಟ್ಟಿಲು: ಕೇಳುವುದು, ಚಿಂತಿಸುವುದು, ಭಾವಿಸುವುದು. ಬೆಳಗಿನ ಪಾಠ ಮೊದಲನೆಯದು, ಸಂಜೆಯ ಅಂಗಳ ಎರಡನೆಯದು, ಧ್ಯಾನ ಮೂರನೆಯದು. ಧ್ಯಾನದಲ್ಲೂ ಎರಡು ಬಗೆ. ಒಂದರಲ್ಲಿ ಮನಸ್ಸನ್ನು ಒಂದೆಡೆ ನಿಲ್ಲಿಸುತ್ತಾರೆ. ಇನ್ನೊಂದರಲ್ಲಿ ಒಂದು ವಿಚಾರವನ್ನು ಎಲ್ಲ ಕಡೆಯಿಂದ ಪರೀಕ್ಷಿಸುತ್ತಾರೆ. ಅಂಗಳದಲ್ಲಿ ಎದುರಾಳಿ ಹಾಕುತ್ತಿದ್ದ ಪ್ರಶ್ನೆಯನ್ನು ಆಸನದ ಮೇಲೆ ಕೂತು ತನಗೆ ತಾನೇ ಹಾಕಿಕೊಳ್ಳುವುದೇ ಆ ಎರಡನೆಯ ಬಗೆ. ಬಕ್ಸಾದಲ್ಲಿ ಹೀಗೆಯೇ ಓದಿದ, ಸೆರಾದ ಲಾಮಾ ಥುಬ್ಟೆನ್ ಯೇಶೆ ಅವರು ಮುಂದೆ ನೇಪಾಳದ ಕೋಪಾನ್‌ನಲ್ಲಿ ನೆಲೆ ನಿಂತರು. 1971ರಲ್ಲಿ ಅಲ್ಲಿ ವಿದೇಶಿಯರಿಗಾಗಿ ಧ್ಯಾನ ಶಿಬಿರಗಳು ಆರಂಭವಾದವು. ಅಲ್ಲಿಂದ ಮುಂದೆ ಹಲವು ದೇಶಗಳಲ್ಲಿ ಬೆಳೆದ ಧ್ಯಾನಕೇಂದ್ರಗಳ ತಾಯಿಬೇರು ಈ ತರ್ಕದಂಗಳವೇ.

ಹೋಗುವವರಿಗೆ

ಬೈಲಕುಪ್ಪೆ ಮೈಸೂರಿನಿಂದ ಸುಮಾರು 80 ಕಿ.ಮೀ. ಮಠದ ಕಚೇರಿಯಲ್ಲಿ ವಾದದ ಹೊತ್ತನ್ನೂ ರಜೆಯ ದಿನವನ್ನೂ ಮೊದಲೇ ವಿಚಾರಿಸಿಕೊಳ್ಳಿ, ನೋಡಲು ಅನುಮತಿ ಕೇಳಿ. ಭುಜ, ಮೊಣಕಾಲು ಮುಚ್ಚುವ ಉಡುಪು ಇರಲಿ. ಜೋಡಿಗಳ ನಡುವೆ ಹಾದುಹೋಗಬೇಡಿ. ಅಂಗಳದ ಅಂಚಿನಲ್ಲಿ ಕೂರಿ. ಕ್ಯಾಮೆರಾ ಚೀಲದಲ್ಲಿರಲಿ.

ಇಡೀ ಅಂಗಳವನ್ನು ಒಟ್ಟಿಗೆ ನೋಡಲು ಹೋಗಬೇಡಿ. ಒಂದೇ ಜೋಡಿಯನ್ನು ಆರಿಸಿಕೊಂಡು ಅರ್ಧ ಗಂಟೆ ಅಲ್ಲಿಯೇ ಉಳಿಯಿರಿ. ಮೊದಲು 'ದೋ' ಎಷ್ಟು ಸಲ ಬಂತೆಂದು ಗುರುತಿಸಿ, ಆಮೇಲೆ 'ತ್ಸಾ' ಬಿದ್ದ ಕ್ಷಣ ಹಿಡಿಯಿರಿ. ವಿರಾಮದಲ್ಲಿ ಕನ್ನಡವೋ ಹಿಂದಿಯೋ ಬಲ್ಲ ಭಿಕ್ಷು ಸಿಕ್ಕರೆ, ಇಂದಿನ ವಿಷಯ ಯಾವುದು, ಎಲ್ಲಿ ಸಿಕ್ಕಿಬಿದ್ದರು ಎಂದು ಕೇಳಿ. ಅನೇಕರು ಖುಷಿಯಿಂದ ವಿವರಿಸುತ್ತಾರೆ.

ಮನೆಗೆ ಬಂದ ಮೇಲೆ ಇದನ್ನು ಮಾಡಿ ನೋಡಿ. ನೀವು ಗಟ್ಟಿಯಾಗಿ ನಂಬಿದ ಒಂದು ಮಾತನ್ನು ಆರಿಸಿಕೊಳ್ಳಿ. ನಿಮ್ಮ ಒಳಿತು ಬಯಸುವ ಸ್ನೇಹಿತರೊಬ್ಬರನ್ನು ಎದುರು ನಿಲ್ಲಿಸಿ, ನೀವು ಕೂರಿ. ಆ ನಾಲ್ಕು ಉತ್ತರಗಳ ಹೊರಗೆ ಮಾತಾಡುವುದಿಲ್ಲ ಎಂದು ಕರಾರು ಮಾಡಿಕೊಳ್ಳಿ. ಎದುರಿನವರ ಮಾತನ್ನು ಕೊನೆಯವರೆಗೆ ಕೇಳುವುದು, ಒಪ್ಪಿದ್ದಕ್ಕೆ ಬದ್ಧರಾಗಿರುವುದು, ತಪ್ಪು ತಿಳಿದಾಗ ನಕ್ಕು ಬಿಟ್ಟುಕೊಡುವುದು ಈ ಮೂರು ಎಷ್ಟು ಕಷ್ಟ ಎಂದು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಮುಂದಿನ ಸಲ ಸೆರಾಕ್ಕೆ ಹೋದಾಗ ನೀವು ಕೂತವರ ಪಕ್ಷ ವಹಿಸಿಯೇ ನೋಡುತ್ತೀರಿ. ಆಗ ನೀವು ರಸಿಕರಾದಿರಿ ಎಂದು ಲೆಕ್ಕ.