ವಯೊಲಿನ್ ಮತ್ತು ಫಿಡಲ್‌ಗಳ ನಡುವೆ: 'ಟೈಮ್ ಫಾರ್ ಥ್ರೀ' ಮೇಳದ ಮರುಸೃಷ್ಟಿಗಳು

ಪಾಶ್ಚಾತ್ಯ ಸಂಗೀತದಲ್ಲಿ ಶಿಷ್ಟ ಮತ್ತು ಜಾನಪದಗಳ ಅಂತರವು ಒಂದೇ ವಾದ್ಯದ ಎರಡು ಹೆಸರುಗಳಲ್ಲಿ ಅಡಗಿದೆ. ಸ್ವರಲಿಪಿಯನ್ನು ನೋಡಿ ಸಭಾಂಗಣದಲ್ಲಿ ನುಡಿಸಿದರೆ ಅದು ವಯೊಲಿನ್; ಕಿವಿಯಿಂದ ಕಲಿತದ್ದನ್ನು ಕುಣಿತದ ಕೂಟದಲ್ಲಿ ನುಡಿಸಿದರೆ ಅದೇ ಫಿಡಲ್. ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆಯಲ್ಲಿ ಕಲಿತ ಝಕರಿ ಡಿ ಪ್ಯೂ, ನಿಕ್ ಕೆಂಡಾಲ್ ಮತ್ತು ರನಾನ್ ಮೇಯರ್ ಕಟ್ಟಿದ 'ಟೈಮ್ ಫಾರ್ ಥ್ರೀ' ಮೇಳವು ಎರಡು ವಯೊಲಿನ್ ಹಾಗೂ ಒಂದು ಡಬಲ್ ಬಾಸ್‌ಗಳ ಮೂಲಕ ಈ ಅಂತರವನ್ನೇ ತನ್ನ ನೆಲೆಯಾಗಿಸಿಕೊಂಡಿದೆ. ಶಾಸ್ತ್ರೀಯ, ಜಾಝ್, ಪಾಪ್ ಧಾಟಿಗಳನ್ನು ಉಲ್ಲಾಸಕರವಾಗಿ ಮರುಜೋಡಿಸುವ ಈ ಮೇಳದ ಸಾಧನೆಯನ್ನು ಜನಪ್ರಿಯತೆಯಿಂದ ಅಳೆಯುವುದು ಸಾಲದು. ಧಾಟಿಯೊಡನೆ ನುಡಿಸುವ ಕ್ರಮವೂ ದಾಟಿ ಬಂದಿದೆಯೇ ಎಂಬುದು ಮುಖ್ಯ ಪ್ರಶ್ನೆ.

2003ರ ಜುಲೈನಲ್ಲಿ ಫಿಲಡೆಲ್ಫಿಯಾದ ಮಾನ್ ಕೇಂದ್ರದಲ್ಲಿ ಸಿಡಿಲಿನಿಂದ ವಿದ್ಯುತ್ ನಿಂತಾಗ, ವಾದ್ಯವೃಂದದಲ್ಲಿದ್ದ ಡಿ ಪ್ಯೂ ಮತ್ತು ಮೇಯರ್ ಪೂರ್ವಸಿದ್ಧತೆಯಿಲ್ಲದೆ ಫಿಡಲ್ ಧಾಟಿಗಳನ್ನು ನುಡಿಸಿದರು. ಅವುಗಳಲ್ಲಿ 'ರ‍್ಯಾಗ್‌ಟೈಮ್ ಆ್ಯನಿ' ಪರಂಪರಾಗತವಾದದ್ದು. ಎಕ್ ರಾಬರ್ಟ್‌ಸನ್ ಅದನ್ನು 1922ರಲ್ಲಿಯೇ ಧ್ವನಿಮುದ್ರಿಸಿದ್ದರು. ಮತ್ತೊಂದು 'ಆರೆಂಜ್ ಬ್ಲಾಸಮ್ ಸ್ಪೆಷಲ್'. ರೈಲೊಂದರ ಹೆಸರು ಹೊತ್ತು ಅದರ ಕೂಗನ್ನು ತಂತಿಯಲ್ಲಿ ಅನುಕರಿಸುವ ಈ ರಚನೆಗೆ ಕರ್ತೃವಿದ್ದರೂ, ಅದು ಫಿಡಲ್‌ಗಾರರ ಕೈಯಿಂದ ಕೈಗೆ ಸಾಗಿ ಸಮುದಾಯದ ಸ್ವತ್ತಾಗಿದೆ. ಬೆಳಕು ಹೋದಾಗ ಲಿಪಿಯು ನಿರುಪಯುಕ್ತವಾಯಿತು. ನೆನಪು ಮತ್ತು ಬೆರಳು ಉಳಿದವು. ಅಲ್ಲಿ ಮೌಖಿಕತೆಯು ಅಲಂಕಾರವಾಗಿರದೆ ಪ್ರದರ್ಶನದ ಆಧಾರವೇ ಆಗಿತ್ತು.

ಎಲ್ಲ ಮರುಜೋಡಣೆಗಳಿಗೂ ಈ ಮಾತು ಅನ್ವಯಿಸದು. ಶಾಲಾಮಕ್ಕಳ ಮೇಲಿನ ದಬ್ಬಾಳಿಕೆಯನ್ನು ವಿರೋಧಿಸಿ 2011ರಲ್ಲಿ ಹೊರತಂದ 'ಸ್ಟ್ರಾಂಗರ್' ವಿಡಿಯೊದ ಉದ್ದೇಶ ಪ್ರಶಂಸನೀಯ. ಆದರೆ ಅಲ್ಲಿ ಉಲ್ಲಾಸದ ಭಾರವನ್ನು ಹೊರುವುದು ದೃಶ್ಯಕಥನ. ಸಂಗೀತವು ಅದರ ಹಿಮ್ಮೇಳ. ಉಲ್ಲಾಸವು ಮೊದಲೇ ನಿಶ್ಚಿತವಾದ ಫಲವಾದಾಗ ವಾದನಕ್ಕೆ ಹುಡುಕಾಟದ ಅವಕಾಶ ಕುಗ್ಗುತ್ತದೆ.

ಇದಕ್ಕೆ ಭಿನ್ನವಾದ ದಾರಿಯನ್ನು ಜೆನಿಫರ್ ಹಿಗ್ಡನ್ ಈ ಮೇಳಕ್ಕಾಗಿಯೇ ರಚಿಸಿದ 'ಕನ್ಸರ್ಟೊ 4-3' ತೋರುತ್ತದೆ. 2008ರಲ್ಲಿ ಫಿಲಡೆಲ್ಫಿಯಾ ವಾದ್ಯವೃಂದದೊಡನೆ ಮೊದಲು ಪ್ರಯೋಗಗೊಂಡ ಈ ಕೃತಿಯ ಮೂರು ಭಾಗಗಳ ಹೆಸರುಗಳು ಸ್ಮೋಕಿ ಪರ್ವತಗಳ ನದಿಗಳನ್ನು ನೆನಪಿಸುತ್ತವೆ. ಬಾಲ್ಯದಲ್ಲಿ ಪೂರ್ವ ಟೆನೆಸಿಯಲ್ಲಿ ಕೇಳಿದ ಬ್ಲೂಗ್ರಾಸ್‌ನ ವಾದನತಂತ್ರವನ್ನು ಹಿಗ್ಡನ್ ಲಿಪಿಗೆ ಇಳಿಸಿದ್ದಾರೆ. ಜೊತೆಗೆ ಮೊದಲ ಎರಡು ಭಾಗಗಳ ನಡುವೆ ವಾದಕರು ಬಯಸಿದರೆ ಸ್ವತಂತ್ರವಾಗಿ ನುಡಿಸಲು ಅವಕಾಶವಿತ್ತಿದ್ದಾರೆ. ಬರಹವೇ ಮೌಖಿಕಕ್ಕೆ ಬಿಟ್ಟುಕೊಟ್ಟ ಸ್ಥಳವಿದು.

ಡಿ ಪ್ಯೂ ನಿರ್ಗಮಿಸಿದ ನಂತರ 2016ರಲ್ಲಿ ಚಾರ್ಲ್ಸ್ ಯಾಂಗ್ ಸೇರಿದರು. ಈ ಕೃತಿಯನ್ನೂ ಒಳಗೊಂಡ 'ಲೆಟರ್ಸ್ ಫಾರ್ ದ ಫ್ಯೂಚರ್' ಧ್ವನಿಮುದ್ರಿಕೆಗೆ 2023ರಲ್ಲಿ ಗ್ರ್ಯಾಮಿ ದೊರೆತದ್ದು ಶಾಸ್ತ್ರೀಯ ಏಕವಾದನ ವಿಭಾಗದಲ್ಲಿ! ಮೂವರು ಪರಸ್ಪರ ಆಲಿಸುತ್ತ ಕಟ್ಟಿದ ಕಲೆಯನ್ನು ಗುರುತಿಸಲು ಶಿಷ್ಟ ವ್ಯವಸ್ಥೆಗೆ ಒಬ್ಬನ ಹೆಸರಿನ ಚೌಕಟ್ಟೇ ಬೇಕಾಯಿತು. ಜನಪದ ಕಲೆಗಳನ್ನು ವೇದಿಕೆಗೆ ತರುವವರೆಲ್ಲ ಎದುರಿಸಬೇಕಾದ ತೊಡಕು ಇದೇ ಆಗಿದೆ: ಧಾಟಿಗೆ ಮನ್ನಣೆ ಬೇಗ ಸಿಗುತ್ತದೆ, ಅದನ್ನು ಬೆಳೆಸಿದ ಕೂಡುಬಾಳಿಗೆ ಸಿಗುವುದಿಲ್ಲ.